ಹಿಂದಿನ ಬಾಗಿಲು

"ಈ ಹಳಿ ಹಾಕೋವಾಗ ನಮ್ಮ ಮಾವ ಒಂದೊಂದು ಕಂಬೀನೂ ಒಬ್ರೇ ಹೆಗಲ ಮೇಲೆ ಹೊತ್ತು ತಂದಿದ್ರಮ್ಮಾ," ಎಂದೆ ಪತ್ರಿಕೆಯವಳಿಗೆ. ಪಾಪ, ಬರೆದುಕೊಂಡಳು.

ಏಳು ಕಿಲೋಮೀಟರು, ನಾಲ್ಕು ನಿಲ್ದಾಣ, ಒಂದೇ ಡಬ್ಬಿ. ಇಷ್ಟೇ ನಮ್ಮ ರೈಲು. ಅವತ್ತು ಅದರ ಕೊನೆಯ ದಿನ. ಇರುವೆಯೂ ಓಡಾಡದ ಪ್ಲಾಟ್‌ಫಾರ್ಮಿನಲ್ಲಿ ಅರ್ಧ ಜಪಾನು ನಿಂತಿತ್ತು. 'ರೈಲು ಉಳಿಸಿ' ಸಂಘಕ್ಕೆ ನಾನೇ ಅಧ್ಯಕ್ಷೆ. ಚಾಲಕ ನಗಾಯೆಯವರಿಗೆ ಹೂಗುಚ್ಛ ಕೊಟ್ಟು ಎಲ್ಲರಿಗಿಂತ ಮೊದಲು ಹತ್ತುವ ಮರ್ಯಾದೆಯೂ ನನ್ನದೇ.

"ದಿನಾ ಇದ್ರಲ್ಲೇ ಹೋಗ್ತಿದ್ರಾ ಅಜ್ಜಿ?"

"ಕೇಳ್ಬೇಕಾ! ನಾನು ಕೂತೂ ಕೂತೂ ಒಂದು ಸೀಟು ಬಾವಿ ಥರ ತಗ್ಗು ಬಿದ್ದಿದೆ. ಒಳಗೆ ಬಾ, ತೋರಿಸ್ತೀನಿ."

ಪಕ್ಕದ ಮನೆಯ ಕಿನುಯೊ ಕೆಮ್ಮಿದಳು. ವಾರಕ್ಕೆ ಮೂರು ದಿನ ಮೂಲಂಗಿ ಬುಟ್ಟಿ ಹೊತ್ತು ಪೇಟೆಗೆ ಹೋಗುವವಳು ಅವಳು.

"ಏನೇ, ಮೂಲಂಗಿ ಗಂಟಲಲ್ಲಿ ಸಿಕ್ಕಿಕೊಳ್ತಾ?" ಎಂದು ರೇಗಿಸಿದೆ. ಎಲ್ಲರೂ ನಕ್ಕರು.

ರೈಲು ಬಂದು ನಿಂತಿತು. ನಾನು ಗತ್ತಿನಿಂದ ಮುಂದಿನ ಬಾಗಿಲಿಗೆ ಹೋಗಿ ನಿಂತೆ. ಸಂಘದ ಅರವತ್ತು ಜನವೂ ನನ್ನ ಬೆನ್ನಿಗೆ ಸಾಲುಗಟ್ಟಿದರು. ಬಾಗಿಲು ತೆರೆಯಲಿಲ್ಲ. ಗಾಜಿನಾಚೆ ನಗಾಯೆಯವರು ಬಿಳಿ ಕೈಗವಸು ತೊಟ್ಟ ಕೈಯಿಂದ ಹಿಂದಕ್ಕೆ ಏನೋ ಸನ್ನೆ ಮಾಡುತ್ತಿದ್ದರು. ನಾನು ಗಾಜು ಬಡಿದೆ.

"ಏನಪ್ಪಾ, ಕೊನೇ ದಿನ ಅಂತ ಬಾಗಿಲೂ ಮುನಿಸಿಕೊಳ್ತಾ?"

ಕಿನುಯೊ ನನ್ನ ತೋಳು ಹಿಡಿದು ಪಿಸುಗುಟ್ಟಿದಳು. "ಶಿಗೆನೊ ಅಕ್ಕಾ, ಹತ್ತೋದು ಹಿಂದಿನ ಬಾಗಿಲಲ್ಲಿ. ಇದು ಇಳಿಯೋರಿಗೆ."

"ಯಾವಾಗಿಂದಾನೇ?"

"ಕಂಡಕ್ಟರನ್ನ ತೆಗೆದು, ಇಳಿಯೋವಾಗ ಚಾಲಕರ ಹತ್ರಾನೇ ದುಡ್ಡು ಕೊಡೋ ಹಾಗೆ ಮಾಡಿದಾಗಿಂದ. ಇಪ್ಪತ್ತಾರು ವರ್ಷ ಆಯ್ತು."

ತಿರುಗಿ ನೋಡಿದೆ. ಹಿಂದಿನ ಬಾಗಿಲು ಆಗಲೇ ಹಾರುಹೊಡೆದಿತ್ತು. ಅದರ ಎದುರು ಕಿನುಯೊಳ ಮೂಲಂಗಿ ಬುಟ್ಟಿ ಒಂದೇ ಕಾದು ಕೂತಿತ್ತು. ಅರವತ್ತು ಜನರಲ್ಲಿ ಒಬ್ಬರೂ ಇನ್ನೊಬ್ಬರ ಮುಖ ನೋಡಲಿಲ್ಲ. ಬೇಲಿಯಾಚೆ ನಮ್ಮೆಲ್ಲರ ಕಾರುಗಳು ಸಾಲಾಗಿ ನಿಂತಿದ್ದವು. ಮೊದಲನೆಯದೇ ನನ್ನ ಸತ್ತ ಗಂಡನ ಬಿಳಿ ಪುಟಾಣಿ ಟ್ರಕ್ಕು. ಅವತ್ತೂ ನಾನು ಬಂದದ್ದು ಅದರಲ್ಲೇ. ಪತ್ರಿಕೆಯವಳ ಪೆನ್ನು ನಿಂತುಹೋಗಿತ್ತು. ಜೀವಮಾನದಲ್ಲಿ ಮೊದಲ ಸಲ ನನಗೆ ಹೇಳಲು ಒಂದು ಸುಳ್ಳೂ ಸಿಗಲಿಲ್ಲ.

ಕಿನುಯೊ ಹೋಗಿ ಬುಟ್ಟಿ ಎತ್ತಿಕೊಂಡು, ಬಾಗಿಲ ಬಳಿಯ ಯಂತ್ರದಿಂದ ಹತ್ತಿದ ನಿಲ್ದಾಣದ ನಂಬರು ಚೀಟಿ ಹರಿದುಕೊಂಡು, ಯಾವತ್ತಿನಂತೆ ಹತ್ತಿದಳು.

ನಗಾಯೆಯವರು ಕಿಟಕಿ ಇಳಿಸಿದರು. ತಲೆ ಎತ್ತಲಾಗದೆ ಹೂಗುಚ್ಛ ಚಾಚಿದೆ. ಅವರು ಟೋಪಿ ತೆಗೆದು, ನಡುಬಗ್ಗಿಸಿ ನಮಸ್ಕರಿಸಿದರು. ಆಮೇಲೆ ಅವರು ಹೇಳಿದ್ದು ಚುಚ್ಚಬೇಕೆಂದು ಆಡಿದ ಮಾತಲ್ಲ. ಅವರ ಕಣ್ಣು ತುಂಬಿತ್ತು.

"ಹದಿನೆಂಟು ವರ್ಷದಿಂದ ದಿನಾ ಇಲ್ಲಿ ನಿಲ್ಲಿಸ್ತಿದ್ದೆ ಅಮ್ಮಾ. ಈ ಊರಲ್ಲಿ ಇಷ್ಟೊಂದು ಜನ ಇದ್ದಾರೆ ಅಂತ ನನಗೆ ಗೊತ್ತೇ ಇರ್ಲಿಲ್ಲ."