ಬೀಜಕ್ಕೆ ಬಿಟ್ಟ ಕಾಯಿ

"ಮುಟ್ಟಬ್ಯಾಡವಾ! ಬೀಜಕ್ಕ ಬಿಟ್ಟಿದ್ದೈತಿ!"

ಇಸಾಕ ಕೂಗಿದ ರಭಸಕ್ಕೆ ಬೇಲಿಯ ಮೇಲಿನ ಗುಬ್ಬಿಗಳು ಹಾರಿಹೋದವು. ಸವತೆ ಬಳ್ಳಿಗೆ ಕೈ ಚಾಚಿದ್ದ ಮಂಜುಳಾ ಬೆಚ್ಚಿ ಹಿಂದೆ ಸರಿದಳು. ಅವಳು ಪಕ್ಕದ ಹೊಲದ ಸಕ್ರಪ್ಪನ ಮಗಳು. ಹೆರಿಗೆಗೆಂದು ಅಸುಂಡಿಯ ತವರಿಗೆ ಬಂದವಳು, ಏಳು ತುಂಬಿದ ಬಸುರಿ. ಹಿಂದೆ ಎರಡು ಸಲ ಗರ್ಭ ನಿಲ್ಲದೆ ಹೋಗಿ, ಈ ಸಲ ದೇವರು ಕಣ್ಣು ತೆರೆದಿದ್ದ.

"ಅರಿವಿ ಕಟ್ಟಿದ್ದು ನೋಡಲಿಲ್ಲ ಕಾಕಾ," ಎಂದಳು ಸಣ್ಣ ದನಿಯಲ್ಲಿ. "ಪ್ಯಾಟಿ ಸವತಿಕಾಯಿ ಬಾಯಾಗಿಟ್ರ ಹುಳದ ಎಣ್ಣಿ ಹೊಡದ ವಾಸನಿ, ವಾಕರಿಕಿ ಬರತೈತಿ. ನಿಮ್ಮ ಹೊಲದ್ದ ತಿನ್ನಬೇಕಂತ ಮನಸ ಹಟ ಹಿಡದೈತಿ. ಇರಲಿ ಬಿಡ್ರಿ."

ಬೀಜದ ಗುರುತಿಗೆಂದು ತೊಟ್ಟಿಗೆ ಅರಿವೆ ಕಟ್ಟಿದ ಕಾಯಿಗೆ ಆ ಸುತ್ತಿನಲ್ಲಿ ಯಾರೂ ಕೈ ಹಚ್ಚುವುದಿಲ್ಲ. ಈ ಹಸಿರು ಪಟ್ಟಿಯನ್ನು ಇಸಾಕ ತನ್ನ ತಾಯಿ ರೋಶನಬಿಯ ಸೀರೆಯಿಂದ ಹರಿದು ಕಟ್ಟಿದ್ದ. ರಾಸಾಯನಿಕ ಗೊಬ್ಬರ, ಔಷಧ ಕಾಣದ ಆ ಸಣ್ಣ ಹೊಲದಲ್ಲಿ ಬಿಳಿಗೆರೆಯ ಈ ಜವಾರಿ ಸವತೆ ಆಕೆಯದೇ ಪಾಲು. ಬೀಜವನ್ನು ಸಗಣಿಯಲ್ಲಿ ಕಲಸಿ ಗೋಡೆಗೆ ತಟ್ಟಿ ಕಾಯುವಳು; ಊರುವಾಗ ಒಂದೊಂದಕ್ಕೂ ಬಿಸ್ಮಿಲ್ಲಾ ಎನ್ನುವಳು. ಮುಂಗಾರಿನಲ್ಲಿ ಇದ್ದ ಬೀಜವನ್ನೆಲ್ಲ ಊರಿ, ಮೊಳಕೆ ಕಾಣುವ ಮೊದಲೇ ಕಣ್ಣು ಮುಚ್ಚಿದಳು. ಎದ್ದ ಬಳ್ಳಿಗಳನ್ನು ಜಿಂಕೆಯ ಹಿಂಡು ಮೇಯ್ದು ಹೋಯಿತು. ಬೇಲಿಗೆ ಹಬ್ಬಿದ ಇದೊಂದು ಉಳಿಯಿತು, ಇದರಲ್ಲಿ ಈ ಒಂದೇ ಕಾಯಿ. ಎಳೆಯದಿದ್ದಾಗ ಕೊಯ್ದರೆ ಬೀಜ ಸಿಕ್ಕುವುದಿಲ್ಲ.

ಕಸ ತೆಗೆಯುತ್ತಿದ್ದ ಹೆಂಡತಿ ಬಾನುಬಿ ಎದ್ದು ಬಂದಳು.

"ಬಸುರಿ ಬಾಯಿಬಿಟ್ಟು ಕೇಳ್ಯಾಳ್ರಿ."

"ಜ್ವಾಳದ ಬೀಜ ಐತಿ, ಸಜ್ಜಿದು ಐತಿ, ತೊಗರಿದು ಐತಿ. ಅಮ್ಮಾನ ಸವತಿ ಇದೊಂದ ಬಾನು. ಇದು ಹೋತಂದ್ರ ಅದರ ವಂಶಾನ ಹೋತು."

"ಬೀಜ ಯಾರ ಸಲುವಾಗಿ ಇಡತೀರಿ?"

"ಮುಂದ ಹುಟ್ಟಾವ್ರ ಸಲುವಾಗಿ."

"ಹುಟ್ಟಾವ ಬದುವಿನ ಮ್ಯಾಲ ಬಂದು ನಿಂತಾನ. ಮುಂದಿನ ವರ್ಷ ಬಾ ಅಂತ ಹೇಳಿ ಕಳಸ್ರಿ, ಹಂಗಾರ!"

ಇಸಾಕ ಬಳ್ಳಿಯ ಮುಂದೆ ಕೂತು ಪಟ್ಟಿಯ ಗಂಟು ಬಿಚ್ಚಿದ. ಕುಡುಗೋಲು ತೆಗೆದು, ಬಿಸ್ಮಿಲ್ಲಾ ಎಂದು ತೊಟ್ಟು ಕೊಯ್ದ. ಮಂಜುಳಾ ಬದುವಿನ ಮೇಲೆ ಕುಳಿತು, ಬಾನುಬಿಯ ಬುತ್ತಿಯಲ್ಲಿದ್ದ ಖಾರದ ಶೇಂಗಾ ಹಿಂಡಿ ಹಚ್ಚಿಕೊಂಡು, ಕಣ್ಣು ಮುಚ್ಚಿ ತಿಂದಳು. ಏಳುವಾಗ ನೆಲಕ್ಕೆ ಬಿದ್ದಿದ್ದ ಪಟ್ಟಿಯನ್ನು ಎತ್ತಿಕೊಂಡಳು.

"ಇದನ್ನ ಒಯ್ಯಲೇನ್ರಿ ಕಾಕಾ?"

"ಒಯ್ಯವಾ. ಕಟ್ಟಾಕ ಇನ್ನೇನ ಉಳದೈತಿ?"

ಆಮೇಲೆ ಇಸಾಕ ಆ ಬೇಲಿಯ ಕಡೆ ಮುಖ ಹಾಕಲಿಲ್ಲ. ತಾಯಿಯನ್ನು ಎರಡನೆಯ ಸಲ ಮಣ್ಣು ಮಾಡಿ ಬಂದವನಂತೆ ತಲೆ ತಗ್ಗಿಸಿಕೊಂಡು ಓಡಾಡಿದ. ಒಂದು ಮುಂಜಾನೆ ಬಾನುಬಿಯೇ ಅವನ ಕೈ ಹಿಡಿದು ಎಳೆದೊಯ್ದಳು. ಮಳೆ ಕುಡಿದ ಬಳ್ಳಿ ಗಿಣ್ಣು ಗಿಣ್ಣಿಗೂ ಹಳದಿ ಹೂ ಬಿಟ್ಟಿತ್ತು. ಹೂವಿನ ಬೆನ್ನಿಗೆ ಬಿಳಿಗೆರೆಯ ಹೀಚುಗಳು.

"ಬಳ್ಳಿ ಇದ್ದ ಒಂದ ಕಾಯಿಗೇ ಎಲ್ಲಾ ಉಣಸಾಕತ್ತಿತ್ತು. ಅದನ್ನ ತಗದ್ವಿ, ಕೈ ಬಿಚ್ಚೇತಿ ನೋಡ್ರಿ," ಎಂದಳು ಬಾನುಬಿ.

ಇಸಾಕ ಹಸಿ ಮಣ್ಣಿನ ಮೇಲೆಯೇ ಕುಳಿತುಬಿಟ್ಟ. ತಾಯಿ ತೀರಿದ ಮೇಲೆ ಅಳದಿದ್ದವನು ಆಗ ಅತ್ತ.

ಹಣ್ಣಾದ ಹೊಸ ಕಾಯಿಗಳಿಂದ ತೆಗೆದು ಗೋಡೆಗೆ ತಟ್ಟಿದ ಬೀಜ ಒಣಗುವ ಮೊದಲೇ ಸಕ್ರಪ್ಪನ ಮನೆಯಿಂದ ಹೆರಿಗೆಯ ಖಬರು ಬಂತು. ಗಂಡ ಹೆಂಡತಿ ಎಳೆ ಸವತೆಕಾಯಿ ಕಟ್ಟಿಕೊಂಡು ಹೋದರು. ತೊಟ್ಟಿಲಲ್ಲಿ ಗಂಡು ಕೂಸು ಮುಷ್ಟಿ ಬಿಗಿದು ಮಲಗಿತ್ತು. ಅದರ ಪುಟ್ಟ ಮಣಿಕಟ್ಟಿಗೆ ರೋಶನಬಿಯ ಸೀರೆಯ ಹಸಿರು ಪಟ್ಟಿ. ಇಸಾಕ ಬಗ್ಗಿ ಕೂಸಿನ ಕೆನ್ನೆಗೆ ಬೆರಳು ಚಾಚಿದ್ದೇ ತಡ, ಹಾಸಿಗೆಯಿಂದ ಮಂಜುಳಾ ಕೂಗಿದಳು:

"ಮುಟ್ಟಬ್ಯಾಡ್ರಿ ಕಾಕಾ! ಬೀಜಕ್ಕ ಬಿಟ್ಟಿದ್ದೈತಿ!"