ವಸುಮತಿಗೆ ಬಂದ ಅಲರ್ಟ್

ಮಗ ಪ್ರಮಥನದು ಅಪರೂಪದ ಕಾಯಿಲೆ. ಅದರ ಬಗ್ಗೆ ಎಲ್ಲಿ ಹೊಸ ಸಂಶೋಧನೆ ಪ್ರಕಟವಾದರೂ ಇಮೇಲ್ ಬರುವಂತೆ ವಸುಮತಿಗೆ ಅಲರ್ಟ್ ಹಾಕಿಕೊಟ್ಟವರು ಡಾಕ್ಟರೇ. ಬಂದದ್ದನ್ನೆಲ್ಲ ಅವಳು ಅವರ ಮುಂದೆ ಹಿಡಿಯುತ್ತಿದ್ದಳು.

"ಈ ಔಷಧಿನಾದ್ರೂ ಕೊಟ್ಟು ನೋಡಿ ಡಾಕ್ಟ್ರೇ. ನಿಮ್ಮ ಕಾಲಿಗೆ ಬೀಳ್ತೀನಿ."

"ಅದು ನಮ್ಮ ದೇಶದಲ್ಲಿ ಸಿಗಲ್ಲಮ್ಮ."

ಮಗ ತೀರಿಕೊಂಡ. ಅಲರ್ಟ್ ನಿಲ್ಲಿಸಲು ಮಾತ್ರ ಅವಳಿಗೆ ಮನಸ್ಸಾಗಲಿಲ್ಲ.

ಇವತ್ತು ಬಂದ ಪ್ರಬಂಧ ಅದೇ ಡಾಕ್ಟರದು. ಅದರಲ್ಲಿ ರೋಗಿಯ ಹೆಸರಿರಲಿಲ್ಲ. ಆದರೆ ವಯಸ್ಸು, ಊರು, ಕಡೆಯ ದಿನಗಳ ನರಳಾಟ ಎಲ್ಲವೂ ಪ್ರಮಥನದೇ.

"ನಮ್ಮ ಮಗೂದೇನಾ? ಏನ್ ಬರ್ದಿದಾರೆ, ಓದು," ಎಂದ ಗಂಡ.

ವಸುಮತಿ ಓದಿದಳು: "ಔಷಧಿ ನಮ್ಮ ಆಸ್ಪತ್ರೆಯಲ್ಲೇ ಲಭ್ಯವಿತ್ತು. ತಾಯಿ ಒಪ್ಪದಿದ್ದರಿಂದ ಕೊಡಲಾಗಲಿಲ್ಲ."