ಹೆಬ್ಬೆರಳಷ್ಟು ಲೋಟ

ಕೊಡಗು ಮೈಸೂರಿಗೆ ಸೇರಬೇಕೋ, ತನ್ನಷ್ಟಕ್ಕೆ ತಾನಿರಬೇಕೋ ಎಂದು ಮಡಿಕೇರಿಯಲ್ಲಿ ದೊಡ್ಡವರು ಗಂಟಲು ಹರಿದುಕೊಳ್ಳುತ್ತಿದ್ದ ವರ್ಷ, ಮೂರ್ನಾಡಿನಾಚೆಯ ಸಣ್ಣ ಪ್ರೊಟೆಸ್ಟಂಟ್ ಚರ್ಚಿನ ಮುಂದೆ ಅದಕ್ಕಿಂತ ಭಾರವಾದ ಪ್ರಶ್ನೆಯೊಂದು ಬಂದು ಕೂತಿತು. ಪ್ರಶ್ನೆಯ ಗಾತ್ರ ಹೆಬ್ಬೆರಳಿನಷ್ಟು. ಅದೊಂದು ಗಾಜಿನ ಲೋಟ. ಅಂಥವು ಒಂದು ತಟ್ಟೆ ತುಂಬ ಇದ್ದವು. ಬೀಟೆ ಮರದ ತಟ್ಟೆ, ಒಂದೊಂದು ಲೋಟಕ್ಕೂ ಒಂದೊಂದು ನುಣುಪಾದ ಗುಳಿ.

ಕರ್ತನ ಭೋಜನದ ದಿನ, ಯೇಸುವಿನ ಕೊನೆಯ ಊಟದ ನೆನಪಿಗೆ ಕೊಡುವ ದ್ರಾಕ್ಷಾರಸವನ್ನು ಎಲ್ಲರೂ ಒಂದೇ ಬೆಳ್ಳಿ ಪಾತ್ರೆಯಿಂದ ಕುಡಿಯಬೇಕೋ, ತಲೆಗೊಂದು ಲೋಟದಲ್ಲಿ ಕುಡಿಯಬೇಕೋ?

ತಟ್ಟೆ ನೋಡಿದೊಡನೆ ಜಯಕರ ಅಯ್ಯನವರಿಗೆ ವಾಸನೆ ಬಡಿಯಿತು. ಅವರು ಮಂಗಳೂರಿನಿಂದ ಈ ಚರ್ಚಿನ ಸಭಾಪಾಲಕರಾಗಿ ಬಂದು ಇನ್ನೂ ತಿಂಗಳಾಗಿರಲಿಲ್ಲ. ಕಳಿಸಿದವರು ಒಂದೇ ಮಾತು ಹೇಳಿದ್ದರು: "ಕೊನೆಯ ಬೆಂಚಿನವರು ವಿರಾಜಪೇಟೆಯ ಕಥೋಲಿಕರ ಕಡೆ ನೋಡ್ತಿದ್ದಾರೆ. ಹೇಗಾದರೂ ಉಳಿಸಿಕೊಳ್ಳಿ."

ಕೊನೆಯ ಬೆಂಚಿನವರು ಎಂದರೆ ಎಸ್ಟೇಟಿನ ಕೂಲಿ ಲೈನುಗಳಿಂದ ಬರುವವರು. ಅಜ್ಜನ ಕಾಲದಲ್ಲೇ ಕ್ರೈಸ್ತರಾಗಿದ್ದರೂ ಅವರ ಹಳೆಯ ಜಾತಿಯನ್ನು ಅವರ ಪರವಾಗಿ ಊರೇ ನೆನಪಿಟ್ಟುಕೊಂಡಿತ್ತು. ಅವರಲ್ಲಿ ಹಿರಿಯನಾದ ಬೋಜನಿಗೆ ದೀಕ್ಷಾಸ್ನಾನದಲ್ಲಿ ಯೋಸೇಫನೆಂದು ಹೆಸರಿಟ್ಟಿದ್ದರಂತೆ. ಚರ್ಚಿನ ಬೆಂಚು ಮುರಿದಾಗ ಎಲ್ಲರೂ ಕರೆಯುತ್ತಿದ್ದುದು ಮಾತ್ರ ಬೋಜನನ್ನೇ.

ಈಗ ತಲೆಗೊಂದು ಲೋಟವಂತೆ. ಬೋಜನ ತುಟಿ ತಾಗುವ ಪಾತ್ರೆ ಯಾರಿಗೋ ಬೇಡವಾಗಿದೆ ಎಂದು ತಿಳಿಯಲು ಅಯ್ಯನವರಿಗೆ ದೇವಶಾಸ್ತ್ರ ಬೇಕಾಗಲಿಲ್ಲ.

ತಟ್ಟೆ ತಂದಿಟ್ಟವರು ವಿಶಾಲಾಕ್ಷಮ್ಮ, ಆಸ್ಪತ್ರೆಯಲ್ಲಿ ನರ್ಸಾಗಿ ನಿವೃತ್ತರಾದವರು, ಎರಡನೆಯ ಬೆಂಚು. ಎದುರು ನಿಂತವರು ಸಾಂತಪ್ಪ, ಎಸ್ಟೇಟಿನ ಲೆಕ್ಕ ಬರೆಯುವ ರೈಟರು, ಸಭೆಯ ಹಿರಿಯರು. ಮೊದಲನೆಯ ಬೆಂಚು, ಅದರಲ್ಲೂ ಮೊದಲನೆಯ ಜಾಗ.

ಭಾನುವಾರ ಆರಾಧನೆ ಮುಗಿದ ಮೇಲೆ ಚರ್ಚೆ. ಅಯ್ಯನವರು ನಿಯಮ ಹಾಕಿದರು: ದನಿ ಏರಿಸಬಾರದು, ಎದುರಿನವರ ಮಾತಿಗೆ ಮೊದಲು ಗೌರವ ಸಲ್ಲಿಸಿ, ಆಮೇಲೆ ತನ್ನದನ್ನು ಹೇಳಬೇಕು. ಮಡಿಕೇರಿಯವರು ಬಂದು ಕಲಿತು ಹೋಗಬೇಕು, ಹಾಗೆ ನಡೆಯಿತು.

"ಸಾಂತಪ್ಪನವರಿಗೆ ಹಿರಿಯರು ನಡೆದ ದಾರಿ ಮುಖ್ಯ. ನನಗೂ ಅದರ ಮೇಲೆ ಗೌರವ ಉಂಟು," ಎಂದರು ವಿಶಾಲಾಕ್ಷಮ್ಮ. "ಆದರೆ ಒಬ್ಬರು ಬಾಯಿಟ್ಟು ಬಿಟ್ಟದ್ದಕ್ಕೆ ಇನ್ನೊಬ್ಬರು ಬಾಯಿಡೋದು ಯಾವ ನ್ಯಾಯ ಅಯ್ಯಾ? ಕಾಯಿಲೆ ಅಂತ ಒಂದುಂಟಲ್ಲ. ಅದು ಮೈಯದ್ದೇ ಆಗಬೇಕು ಅಂತಿಲ್ಲ."

ಕಾಯಿಲೆ ಎಂದದ್ದನ್ನು ಅಯ್ಯನವರು ಜಾತಿ ಎಂದು ಮನಸ್ಸಿನಲ್ಲೇ ತಿದ್ದಿಕೊಂಡರು.

"ನರ್ಸಮ್ಮನಿಗೆ ನಮ್ಮ ಆರೋಗ್ಯದ ಮೇಲೆ ಇರುವ ಕಾಳಜಿ ದೊಡ್ಡದು," ಎಂದು ಸಾಂತಪ್ಪ ಕೈಮುಗಿದರು. "ಆದರೆ ಕರ್ತನು ಶಿಷ್ಯರಿಗೆ ತಟ್ಟೆಯಲ್ಲಿ ಲೋಟ ಹಂಚಲಿಲ್ಲ. ನಮ್ಮ ಅಜ್ಜ ಕುಡಿದ ಪಾತ್ರೆ, ಅಪ್ಪ ಕುಡಿದ ಪಾತ್ರೆ. ಅದು ಹೇಗೆ ಬಂದಿದೆಯೋ ಹಾಗೇ ಬರಲಿ."

ಹೇಳುತ್ತ ತಟ್ಟೆಯನ್ನು ಒಂದೇ ಬೆರಳಿನಿಂದ ಮೇಜಿನ ಅಂಚಿಗೆ ನೂಕಿದರು. ಬಾಗಿಲ ಬಳಿ ನಿಂತಿದ್ದ ಬೋಜ ದಡಬಡಿಸಿ ಮುಂದೆ ಬಂದವನು, ಅದು ಬೀಳಲಿಲ್ಲವೆಂದು ಕಂಡು ಹಿಂದೆ ಸರಿದ.

ಅಯ್ಯನವರ ಎದೆ ತುಂಬಿತು. ಮೊದಲ ಬೆಂಚಿನ ರೈಟರೇ ಬೋಜನ ಜೊತೆ ಒಂದೇ ಪಾತ್ರೆ ಎನ್ನುತ್ತಿದ್ದಾರೆ!

"ಯೋಸೇಫ, ನೀವೇನು ಹೇಳ್ತೀರಿ?"

ಯಾರನ್ನು ಕರೆದರೆಂದು ಬೋಜ ಹಿಂದೆ ತಿರುಗಿ ನೋಡಿದ.

"ನಿನ್ನನ್ನೇ ಮಾರಾಯ," ಎಂದರು ಸಾಂತಪ್ಪ.

"ನಂದೇನುಂಟು ಅಯ್ಯಾ. ಎಲ್ಲರೂ ಒಟ್ಟಿಗೆ ಕುಡಿಯೋದಾದ್ರೆ ಸಾಕು."

ಇನ್ನೇನು ಬೇಕು? ಒಂದೇ ಪಾತ್ರೆಯ ಸಮಾನತೆಯ ಬಗ್ಗೆ ಅಯ್ಯನವರು ಮಾತಾಡಿದ್ದೇ ಮಾತಾಡಿದ್ದು. ತಮ್ಮ ಮಾತನ್ನು ಕೇಳುತ್ತ ಅವರದೇ ಕಣ್ಣು ಒದ್ದೆಯಾಯಿತು. ಒಂದೇ ಪಾತ್ರೆ ಎನ್ನುವವರು ಕೈ ಎತ್ತಿ ಎಂದರು. ಮುಂದಿನ ಬೆಂಚುಗಳ ಕೈಗಳು ತಟ್ಟನೆ ಎದ್ದವು. ಕೊನೆಯ ಬೆಂಚಿನವರು ಮುಖ ಮುಖ ನೋಡಿಕೊಂಡರು. ಅವರ ಕೈ ಏಳಲಿಲ್ಲ. ಪಾಪ, ರೈಟರ ಎದುರು ಸಂಕೋಚ ಎಂದುಕೊಂಡರು ಅಯ್ಯನವರು.

ಗೆದ್ದ ಸಾಂತಪ್ಪ ಸೋತವರ ಬಳಿ ತಾವೇ ಹೋದರು. "ಸಿಟ್ಟಿಲ್ಲವಲ್ಲ ನರ್ಸಮ್ಮ?"

"ನನಗೇನು ಸಿಟ್ಟು ಸಾಂತಪ್ಪನವರೇ? ನಂದು ಎರಡನೇ ಬೆಂಚು."

ಮುಂದಿನ ಭಾನುವಾರ ಕರ್ತನ ಭೋಜನ, ಅಯ್ಯನವರು ಈ ಚರ್ಚಿನಲ್ಲಿ ನಡೆಸಿಕೊಟ್ಟ ಮೊದಲನೆಯದು. ಸಾಂತಪ್ಪ ತಾವೇ ಪಾತ್ರೆ ತುಂಬಿ, ಸೀಸೆಯನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿ, ತಮ್ಮ ಜಾಗಕ್ಕೆ ಬಂದು ಕುಳಿತು ಮೊದಲ ಗುಟುಕು ಕುಡಿದರು. ಗುಟುಕು ದೊಡ್ಡದಿತ್ತು. ಅಯ್ಯನವರು ಪಾತ್ರೆ ಹಿಡಿದು ಬೆಂಚಿನಿಂದ ಬೆಂಚಿಗೆ ಹಿಂದಕ್ಕೆ ನಡೆದರು. ನಡುವಿನ ಬೆಂಚು ದಾಟುವಾಗಲೇ ಅದು ಕೈಗೆ ಹಗುರವೆನಿಸಿತು. ಕೊನೆಯ ಬೆಂಚಿಗೆ ಬಂದಾಗ ಒಳಗೆ ಬೆಳ್ಳಿಯ ತಳ ಹೊಳೆಯುತ್ತಿತ್ತು.

ಅವರು ತಿರುಗಿ ನೋಡಿದರು. ಸಾಂತಪ್ಪ ಕಣ್ಣು ಮುಚ್ಚಿ ಪ್ರಾರ್ಥನೆಯಲ್ಲಿದ್ದರು.

"ಕೊಡಿ ಅಯ್ಯಾ, ನಮಗೆ ರೂಢಿ ಉಂಟು," ಎಂದ ಬೋಜ ಮೆಲ್ಲಗೆ. ಖಾಲಿ ಪಾತ್ರೆಯನ್ನು ಬಾಯಿಗಿಟ್ಟು ಓರೆ ಮಾಡಿ, ತುಟಿ ಒರೆಸಿಕೊಂಡು, ಆಮೆನ್ ಎಂದು ಹೆಂಡತಿ ಚಿನ್ನಿಗೆ ದಾಟಿಸಿದ. ಅವಳೂ ಓರೆ ಮಾಡಿದಳು. ಬೆಂಚಿನ ತುದಿಯವರೆಗೆ ಒಬ್ಬೊಬ್ಬರೂ ಓರೆ ಮಾಡಿ ತುಟಿ ಒರೆಸಿಕೊಂಡರು.

ಎಲ್ಲರೂ ಹೊರಟ ಮೇಲೆ ಬೋಜ ಮೇಜಿನ ಬಳಿ ಬಂದ. ತಟ್ಟೆ ಹೋದ ವಾರ ಬಿಟ್ಟಲ್ಲೇ ಇತ್ತು.

"ಇದನ್ನು ತಗೊಂಡು ಹೋಗ್ಲಾ ಅಯ್ಯಾ? ಲೋಟ ನರ್ಸಮ್ಮ ತರಿಸಿದ್ದು. ತಟ್ಟೆ ನಾನು ಕೊರೆದದ್ದು. ಮುಂದಿನವರು ಹಿಂದಿನವರು ಅಂತಿಲ್ಲದೆ ಎಲ್ಲರೂ ಒಂದೇ ಸಲ ಎತ್ತಿ ಕುಡಿಯಲಿ ಅಂತ ನಾವೇ ಕೇಳಿದ್ದು. ನಮ್ಮ ಹೆಸರು ಹೇಳಿದ್ರೆ ಯಾರೂ ಮುಟ್ಟಲ್ಲ ಅಂತ ನರ್ಸಮ್ಮ ತಮ್ಮದೇ ಯೋಚನೆ ಅಂದ್ರು."

ಅದರ ಮುಂದಿನ ಭಾನುವಾರ ಕೊನೆಯ ಬೆಂಚು ವಿರಾಜಪೇಟೆಯ ಕಥೋಲಿಕರಲ್ಲಿಗೆ ಹೋಯಿತು. ಅಲ್ಲಿ ದ್ರಾಕ್ಷಾರಸವನ್ನು ಪಾದ್ರಿ ಒಬ್ಬರೇ ಕುಡಿಯುತ್ತಾರೆ. ಮೊದಲ ಬೆಂಚಿಗೂ ಇಲ್ಲ.